ಕಮ್ಮಿ ಬೆಲೆಯ ಗ್ರೈಂಡರ್ ಮನೆಗೆ ತರುವ ಮುನ್ನ

ಹೋದ ಬೇಸಿಗೆಯಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಹಳೇ ಕಿಟಕಿಯ ಸರಳು ಕತ್ತರಿಸುತ್ತಿದ್ದೆ. ಕೈಯಲ್ಲಿದ್ದದ್ದು ಹೊರದೇಶದಿಂದ ಬಂದ ಅಗ್ಗದ ನಾಲ್ಕಿಂಚಿನ ಗ್ರೈಂಡರ್, ಅಂದರೆ ತಿರುಗುವ ಡಿಸ್ಕಿನಿಂದ ಕಬ್ಬಿಣ ಕತ್ತರಿಸುವ ಮೆಷಿನ್. ಸರಳು ಅರ್ಧ ಆಗಿತ್ತು, ಕರೆಂಟ್ ಹೋಯಿತು. ದಾವಣಗೆರೆಯ ಬೇಸಿಗೆಯಲ್ಲಿ ಇದೇನು ಹೊಸದಲ್ಲ. ಮೆಷಿನ್ ನೆಲದ ಮೇಲಿಟ್ಟು ಮಜ್ಜಿಗೆ ಕುಡಿಯಲು ಒಳಗೆ ಹೋದೆ. ಹತ್ತು ನಿಮಿಷಕ್ಕೆ ಕರೆಂಟ್ ಬಂತು. ಶೆಡ್ಡಿನಿಂದ ಭರ್ರೆಂದು ಸದ್ದು. ಓಡಿಬಂದು ನೋಡಿದರೆ ಮೆಷಿನ್ ತಾನಾಗಿಯೇ ಓಡುತ್ತಾ, ನೆಲದ ಮೇಲೆ ಗಿರಕಿ ಹೊಡೆಯುತ್ತಾ ತನ್ನ ವೈರಿನ ಹತ್ತಿರಕ್ಕೇ ಹೋಗಿತ್ತು. ಮುಂದಕ್ಕೆ ತಳ್ಳಿದ್ದ ಸ್ವಿಚ್ಚು ಅಲ್ಲೇ ಕೂತಿತ್ತು. ಬೋರ್ಡಿನಿಂದ ಪಿನ್ ಕಿತ್ತಾಗ ನನ್ನ ಕೈ ನಡುಗುತ್ತಿತ್ತು. ಸ್ವಲ್ಪ ಮುಂಚೆ ಮಗಳು ಅದೇ ಜಾಗದಲ್ಲಿ ಆಡುತ್ತಿದ್ದಳು.

ಸ್ವಿಚ್ ಆಫ್ ಮಾಡದೆ ಇಟ್ಟದ್ದು ನನ್ನ ತಪ್ಪು. ಆದರೆ ಒಳ್ಳೆಯ ಮೆಷಿನ್‌ಗಳಲ್ಲಿ ಇಂಥ ತಪ್ಪಿಗೂ ಒಂದು ತಡೆ ಇರುತ್ತದೆ. ಕೆಲವು ಮಾಡೆಲ್‌ಗಳು ಕರೆಂಟ್ ಹೋಗಿ ಬಂದರೆ ಸ್ವಿಚ್ಚನ್ನು ಹಿಂದಕ್ಕೆ ತಂದು ಮತ್ತೆ ತಳ್ಳುವ ತನಕ ಓಡುವುದಿಲ್ಲ. ಇನ್ನು ಕೆಲವದರಲ್ಲಿ ಸ್ವಿಚ್ಚು ಹಿಡಿಯ ಕೆಳಗಿರುತ್ತದೆ, ಕೈ ಬಿಟ್ಟರೆ ನಿಂತಿತು. ಅಗ್ಗದ ಮೆಷಿನ್‌ನಲ್ಲಿ ಮೊದಲು ಬಿಟ್ಟುಬಿಡುವುದೇ ಇದನ್ನು.

ಹಾಗಂತ ಅಗ್ಗದ್ದೆಲ್ಲ ಬೇಡ ಎಂದು ನಾನು ಹೇಳುವುದಿಲ್ಲ. ತಿಂಗಳಿಗೊಮ್ಮೆ ಗೋಡೆಗೆ ತೂತು ಹಾಕಲು ಅಗ್ಗದ ಡ್ರಿಲ್ ಸಾಕು. ಅದು ಕೆಟ್ಟರೆ ನಿಂತುಹೋಗುತ್ತದೆ, ಅಷ್ಟೆ. ಗ್ರೈಂಡರ್ ಮಾತು ಬೇರೆ. ಅದು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ನಾಲ್ಕಿಂಚಿನ ಡಿಸ್ಕಿನ ಅಂಚು ಆಗ ಗಂಟೆಗೆ 200 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿರುತ್ತದೆ. ಡಿಸ್ಕ್ ಒಡೆದರೆ ಚೂರು ಅದೇ ವೇಗದಲ್ಲಿ ಹಾರುತ್ತದೆ. ದುಡ್ಡು ಉಳಿಸುವುದಿದ್ದರೆ ಡ್ರಿಲ್‌ನಲ್ಲಿ ಉಳಿಸಿ, ಗ್ರೈಂಡರ್‌ನಲ್ಲಿ ಬೇಡ.

ಅಂಗಡಿಯಲ್ಲಿ ನೋಡುವುದು

ಸಾಧ್ಯವಾದರೆ ಗ್ರೈಂಡರನ್ನು ಮಂಡಿಪೇಟೆ ಕಡೆಯ ಹಾರ್ಡ್‌ವೇರ್ ಅಂಗಡಿಗೇ ಹೋಗಿ ಕೊಳ್ಳಿ. ಕೈಯಲ್ಲಿ ಹಿಡಿದು ನೋಡದೆ ಗೊತ್ತಾಗದ ಸಂಗತಿಗಳು ಇದರಲ್ಲಿ ಜಾಸ್ತಿ.

ಮೊದಲು ಡಬ್ಬಿ ತಿರುಗಿಸಿ. ಆಮದು ಮಾಡಿದವರ ಹೆಸರು, ವಿಳಾಸ, ಯಾವ ದೇಶದಲ್ಲಿ ತಯಾರಾಯಿತು, ಎಂಆರ್‌ಪಿ, ದೂರು ಹೇಳಲು ಫೋನ್ ನಂಬರ್ ಇಷ್ಟೂ ಇರಬೇಕು. 2011ರ ಪೊಟ್ಟಣ ಸಾಮಗ್ರಿ ನಿಯಮ ಇದನ್ನು ಕಡ್ಡಾಯ ಮಾಡಿದೆ. ಇವು ಇಲ್ಲದ ಡಬ್ಬಿಯ ಹಿಂದೆ ನಾಳೆ ಉತ್ತರ ಕೊಡುವವರು ಯಾರೂ ಇಲ್ಲ. ಬಣ್ಣ ನೋಡಿ ಮೋಸ ಹೋಗಬೇಡಿ. ದೊಡ್ಡ ಕಂಪನಿಯದೇ ಬಣ್ಣ, ಹೆಸರಿನಲ್ಲಿ ಒಂದಕ್ಷರ ಮಾತ್ರ ಬೇರೆ ಇರುವ ಮಾಲು ಬೇಕಾದಷ್ಟಿದೆ.

ಆಮೇಲೆ ಮೆಷಿನ್ ಮೇಲಿನ ಪ್ಲೇಟ್ ಓದಿ. 220-240 ವೋಲ್ಟ್, 50 ಹರ್ಟ್ಸ್ ಎಂದಿರಬೇಕು. 110 ವೋಲ್ಟಿನದು ನಮ್ಮ ಮನೆಯ 230ಕ್ಕೆ ಕ್ಷಣದಲ್ಲಿ ಸುಟ್ಟುಹೋಗುತ್ತದೆ. ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಒಳಗೆ ಎರಡು ಪದರ ಇನ್ಸುಲೇಷನ್ ಇದೆ ಎಂದರ್ಥ, ಅದಕ್ಕೆ ಎರಡು ಪಿನ್ ಸಾಕು. ಆ ಗುರುತೂ ಇಲ್ಲ, ಅರ್ಥ್ ಪಿನ್ನೂ ಇಲ್ಲ ಎಂದರೆ ಅಲ್ಲೇ ಬಿಟ್ಟುಬನ್ನಿ.

ಡಿಸ್ಕಿಗೆ ಮರೆಯಾಗಿರುವ ತಗಡನ್ನು, ಅಂದರೆ ಗಾರ್ಡನ್ನು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಎಣ್ಣೆ ಡಬ್ಬಿಯ ಮುಚ್ಚಳದ ಹಾಗೆ ಒಳಗೆ ಹೋಗಿ ಟಪ್ ಎಂದು ಹೊರಗೆ ಬಂದರೆ, ಡಿಸ್ಕ್ ಒಡೆದ ಹೊತ್ತಿನಲ್ಲಿ ಅದು ಏನನ್ನೂ ತಡೆಯುವುದಿಲ್ಲ. ಪಕ್ಕದಲ್ಲಿ ಅಷ್ಟೇ ವ್ಯಾಟಿನ ಹೆಸರಾಂತ ಕಂಪನಿಯ ಮೆಷಿನ್ ಇದ್ದರೆ ಎರಡನ್ನೂ ಒಂದೊಂದು ಕೈಯಲ್ಲಿ ಹಿಡಿಯಿರಿ. ತೀರಾ ಹಗುರ ಅನಿಸಿದರೆ ಒಳಗಿನ ಮೋಟಾರಿಗೆ ಸುತ್ತಿದ ತಂತಿ ತಾಮ್ರದ್ದಲ್ಲ, ಅಲ್ಯೂಮಿನಿಯಂದು ಇರುವ ಸಾಧ್ಯತೆ ಇದೆ. ಅಂಥದ್ದು ಬೇಗ ಬಿಸಿಯಾಗಿ ಸುಡುತ್ತದೆ.

ಇನ್ನು ಓಡಿಸಿ ನೋಡುವುದು. "ಅಣ್ಣಾ, ಡಿಸ್ಕ್ ಇಲ್ದಂಗೆ ಒಂದ್ನಿಮಿಷ ಆನ್ ಮಾಡ್ರಿ" ಅಂದರೆ ಯಾವ ಅಂಗಡಿಯವರೂ ಇಲ್ಲ ಅನ್ನುವುದಿಲ್ಲ. ಹಿಂಭಾಗದ ಗಾಳಿಕಿಂಡಿಯೊಳಗೆ ಇಣುಕಿ. ಮೋಟಾರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು ತಾಗುವ ಕಡೆ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಬೆಂಕಿಯ ಬಳೆ ಕಂಡರೆ, ಇಲ್ಲವೇ ವಾರ್ನಿಷ್ ಸುಟ್ಟ ವಾಸನೆ ಬಂದರೆ ಬೇಡ. ಸ್ವಿಚ್ಚನ್ನು ಹತ್ತು ಸಲ ಹಾಕಿ ತೆಗೆಯಿರಿ, ಒಂದು ಸಲ ಸಿಕ್ಕಿಕೊಂಡರೂ ಬೇಡ. ಕೊನೆಗೆ ಒಂದು ಪ್ರಶ್ನೆ: ಇದರ ಕಾರ್ಬನ್, ಆರ್ಮೇಚರ್ (ಮೋಟಾರಿನೊಳಗೆ ತಿರುಗುವ ಭಾಗ) ಸಿಗುತ್ತದಾ? ಬೋರ್‌ವೆಲ್ ಮೋಟಾರು ಸುತ್ತುವ ರಿವೈಂಡಿಂಗ್ ಅಂಗಡಿಗಳು ನಮ್ಮೂರಲ್ಲಿ ಬೇಕಾದಷ್ಟಿವೆ. ಮೆಷಿನ್ ಕೊಳ್ಳುವ ಮುಂಚೆ ಅಲ್ಲಿ ಒಮ್ಮೆ ಕೇಳಿ. ಯಾವುದು ರಿಪೇರಿಗೆ ಪದೇ ಪದೇ ಬರುತ್ತದೆ ಎಂಬುದು ಅವರಿಗೆ ಗೊತ್ತು.

ಜಿಎಸ್‌ಟಿ ಬಿಲ್ ಬಿಡಬೇಡಿ. ಬಿಲ್ ಇದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಡಿಸ್ಕ್: ಇಲ್ಲಿ ಮಾತ್ರ ಜಿಪುಣತನ ಬೇಡ

ಅಗ್ಗದ ಮೆಷಿನ್ ಜೊತೆ ಪುಕ್ಕಟೆ ಬರುವ ಡಿಸ್ಕನ್ನು ನಾನು ಬಳಸುವುದೇ ಇಲ್ಲ, ಮುರಿದು ಎಸೆಯುತ್ತೇನೆ. ಡಿಸ್ಕ್ ಬೇರೆ ಕೊಳ್ಳಿ, ಕೊಳ್ಳುವಾಗ ಮೇಲಿನ ಅಂಕಿ ಓದಿ. ಒಳ್ಳೆಯ ನಾಲ್ಕಿಂಚಿನ ಕಟಿಂಗ್ ಡಿಸ್ಕಿನ ಮೇಲೆ ಸಾಮಾನ್ಯವಾಗಿ 15,300 ಎಂದು ಇರುತ್ತದೆ. ಅದು ನಿಮಿಷಕ್ಕೆ ತಡೆದುಕೊಳ್ಳುವ ಸುತ್ತು. ಡಿಸ್ಕಿನ ಅಂಕಿ ಯಾವಾಗಲೂ ಮೆಷಿನ್ನಿನ ಅಂಕಿಗಿಂತ ದೊಡ್ಡದಿರಬೇಕು. ಅಂಕಿಯೇ ಇಲ್ಲದ ಡಿಸ್ಕ್ ಎಷ್ಟು ಅಗ್ಗವಾದರೂ ಮುಟ್ಟಬೇಡಿ.

ನಡುವಿನ ಲೋಹದ ಬಳೆಯ ಮೇಲೆ ಸಣ್ಣದಾಗಿ ತಿಂಗಳು, ವರ್ಷ ಒತ್ತಿರುತ್ತಾರೆ. ಅದು ಡಿಸ್ಕಿನ ಕೊನೆಯ ದಿನ, ತಯಾರಾಗಿ ಮೂರು ವರ್ಷದೊಳಗಿನದು. ಔಷಧಿಗೆ ಇರುವ ಹಾಗೆ ಇದಕ್ಕೂ ಇದೆ ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಡಿಸ್ಕಿನ ಪುಡಿಯನ್ನು ಹಿಡಿದಿರುವುದು ರಾಳದಂಥ ಅಂಟು. ತೇವ ತಾಗಿದರೆ, ಹಳತಾದರೆ ಆ ಹಿಡಿತ ಸಡಿಲವಾಗುತ್ತದೆ. ಮಳೆಗಾಲದಲ್ಲಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಡಿಸ್ಕ್ ನೋಡಲು ಹೊಸದರಂತೆಯೇ ಕಾಣುತ್ತದೆ. ಡಬ್ಬಿಯಲ್ಲಿ ಮಲಗಿಸಿ, ಒಣಗಿದ ಜಾಗದಲ್ಲಿಡಿ. ಕೈತಪ್ಪಿ ಬಿದ್ದದ್ದನ್ನು ಮತ್ತೆ ಹಾಕಬೇಡಿ. ತೆಳ್ಳನೆಯ ಕಟಿಂಗ್ ಡಿಸ್ಕಿನ ಪಕ್ಕದಿಂದ ಉಜ್ಜುವುದೂ ಬೇಡ.

ಗಾರ್ಡ್ ಬಿಚ್ಚಿ ನಾಲ್ಕಿಂಚಿನ ಮೆಷಿನ್‌ಗೆ ಐದಿಂಚಿನ ಡಿಸ್ಕ್ ತೊಡಿಸುವವರನ್ನು ನೋಡಿದ್ದೇನೆ. ಮರ ಕೊಯ್ಯಲು ಹಲ್ಲಿನ ಬ್ಲೇಡ್ ಹಾಕುವವರಂತೂ ಬೀದಿಗೊಬ್ಬರು. ಹಲ್ಲು ಮರದ ಗಂಟಿಗೆ ಸಿಕ್ಕಿದ ತಕ್ಷಣ ಮೆಷಿನ್ ಕೈಯಿಂದ ಒದ್ದುಕೊಂಡು ಮೈಮೇಲೆ ಬರುತ್ತದೆ. ಕೈ ಎಳೆದುಕೊಳ್ಳಲು ಸಮಯ ಇರುವುದಿಲ್ಲ. ದಯವಿಟ್ಟು ಇದೊಂದನ್ನು ಮಾಡಬೇಡಿ. ಮರಕ್ಕೆ ಮರ ಕೊಯ್ಯುವ ಮೆಷಿನ್ನೇ ಬೇಕು.

ಹೊಸ ಡಿಸ್ಕ್ ಹಾಕಿದ ಮೇಲೆ ಒಂದು ನಿಮಿಷ ಖಾಲಿ ಓಡಿಸಿ. ಆಗ ಡಿಸ್ಕಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಒಡೆಯುವಂತಿದ್ದರೆ ಬಹಳ ಸಲ ಆಗಲೇ ಒಡೆಯುತ್ತದೆ.

ವೈರು, ಪಿನ್ನು, ಅರ್ಥಿಂಗ್

ಹೊರದೇಶದ ಪಿನ್ ನಮ್ಮ ಬೋರ್ಡಿಗೆ ಸರಿಯಾಗಿ ಕೂರುವುದಿಲ್ಲ. ಅಡಾಪ್ಟರ್ ಸಿಕ್ಕಿಸಿ ಕೆಲಸ ಸಾಗಿಸಬೇಡಿ, ಅದು ಅಲುಗಾಡಿ ಬಿಸಿಯಾಗುತ್ತದೆ. ಐಎಸ್‌ಐ ಗುರುತಿನ ಪಿನ್ ತಂದು ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿ. ಹಾಕುವಾಗ ಹತ್ತಿರ ನಿಂತು ವೈರಿನ ಕತ್ತರಿಸಿದ ತುದಿ ನೋಡಿ. ಎಳೆಯ ಮೇಲ್ಮೈ ಕೆಂಪಗಿದ್ದು ಕತ್ತರಿಸಿದ ಬಾಯಿ ಬೆಳ್ಳಗಿದ್ದರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಪೂರ್ತಿ ವೈರನ್ನೇ ಬದಲಿಸಿ. ನನ್ನ ಗ್ರೈಂಡರಿನಲ್ಲಿ ಹೀಗೇ ಇತ್ತು.

ಎಕ್ಸ್‌ಟೆನ್ಷನ್ ಬೋರ್ಡಿನ ವೈರು ಸುರುಳಿಯಲ್ಲಿದ್ದರೆ ಪೂರ್ತಿ ಬಿಚ್ಚಿ ಬಳಸಿ, ಸುರುಳಿಯೊಳಗಿನ ಶಾಖ ಹೊರಗೆ ಹೋಗುವುದಿಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿ ಅರ್ಥಿಂಗ್ ಸೋಲುತ್ತದೆ, ಅರ್ಥ್ ಗುಂಡಿಗೆ ಆಗಾಗ ನೀರು ಹಾಕಿ. ಮನೆಯಲ್ಲಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಮೆಷಿನ್ ಕೊಳ್ಳುವ ಮೊದಲು ಅದನ್ನು ಹಾಕಿಸಿ. ಎಂಸಿಬಿ ವೈರನ್ನು ಕಾಯುತ್ತದೆ, ಮನುಷ್ಯನಿಗೆ ಶಾಕ್ ಹೊಡೆದರೆ ಕರೆಂಟ್ ಕಡಿಯುವುದು ಆರ್‌ಸಿಸಿಬಿ.

ಬ್ಯಾಟರಿ ಮೆಷಿನ್ ಆದರೆ

48ವಿಎಫ್, 88ವಿಎಫ್ ಎಂದು ದಪ್ಪಕ್ಷರದಲ್ಲಿ ಬರೆದಿರುವುದು ವೋಲ್ಟ್ ಅಲ್ಲ, ಸುಮ್ನೆ ಮಾಡೆಲ್ ಹೆಸರು. ಸಾಲಾಗಿ ಐದು ಸೆಲ್ ಇದ್ದರೆ ತುಂಬಿದಾಗ 21 ವೋಲ್ಟ್, ಕೆಲಸ ಮಾಡುವಾಗ 18. ಚಾರ್ಜರ್ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ಆರ್ ಅಕ್ಷರದ ಮುಂದೆ ಎಂಟಂಕಿಯ ನಂಬರ್ ಹುಡುಕಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು. ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಬೇಡಿ.

ಕೆಲಸಕ್ಕೆ ಕೂರುವಾಗ

ಸುತ್ತಲೂ ಮುಚ್ಚುವ ಕನ್ನಡಕ ಹಾಕಿ, ಓದುವ ಕನ್ನಡಕ ಸಾಲದು. ಲುಂಗಿ, ಹೆಗಲ ಮೇಲಿನ ಟವೆಲ್, ಸಡಿಲ ತೋಳು, ದಾರ ಬಿಡುವ ಬಟ್ಟೆಯ ಗ್ಲೌಸ್ ಎಲ್ಲವೂ ಸುತ್ತಿಕೊಳ್ಳುತ್ತವೆ. ಕಾಲಲ್ಲಿ ಒತ್ತಿ ಹಿಡಿದು ಕತ್ತರಿಸುವ ಅಭ್ಯಾಸ ಬಿಡಿ, ಸರಳನ್ನು ಬಿಗಿದು ಹಿಡಿಯುವ ವೈಸ್‌ಗೆ ಕಚ್ಚಿಸಿ. ಡಿಸ್ಕ್ ಬದಲಿಸುವಾಗ ಪಿನ್ ಕಿತ್ತು, ಪಿನ್ನನ್ನು ಕಣ್ಣೆದುರಿಗೇ ಇಟ್ಟುಕೊಳ್ಳಿ. ಕರೆಂಟ್ ಹೋದ ಕೂಡಲೇ ಮೊದಲು ಸ್ವಿಚ್ ಹಿಂದಕ್ಕೆ, ಆಮೇಲೆ ಪಿನ್ ಹೊರಕ್ಕೆ, ಮಜ್ಜಿಗೆ ಅದಾದ ಮೇಲೆ.