ಅರ್ಧಕ್ಕೆ ನಿಂತ ಸ್ಟೇಟನ್ ಐಲೆಂಡ್ ಸುರಂಗ: ಜಾಡು ಹಿಡಿದು ನೋಡುವುದು ಹೇಗೆ

ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ರೈಲನ್ನು ನೀರಿನಡಿಯ ಸುರಂಗದ ಮೂಲಕ ಬ್ರೂಕ್ಲಿನ್ ಸಬ್‌ವೇಗೆ ಸೇರಿಸುವ ಕೆಲಸ 1923ರ ಏಪ್ರಿಲ್‌ನಲ್ಲಿ ಶುರುವಾಗಿ 1925ರಲ್ಲಿ ನಿಂತುಹೋಯಿತು. ಎರಡೂ ದಡದಲ್ಲಿ ಬಾವಿಯಂತೆ ತೋಡಿ, ನ್ಯಾರೋಸ್ ಜಲಸಂಧಿಯ ಕಡೆಗೆ ಸುಮಾರು 150 ಅಡಿ ಕೊರೆದದ್ದಷ್ಟೇ. ಸುರಂಗದಲ್ಲಿ ಸರಕಿನ ರೈಲೂ ಓಡಬೇಕೇ, ಬರೀ ಪ್ರಯಾಣಿಕರ ರೈಲೇ ಎಂಬ ಜಗ್ಗಾಟ ಅದನ್ನು ನುಂಗಿಹಾಕಿತು. ಸುರಂಗವನ್ನೇ ನೋಡುತ್ತೇನೆ ಎಂದು ಹೊರಟರೆ ನಿರಾಸೆ ಖಂಡಿತ. ಕಣ್ಣಿಗೆ ಸಿಗುವುದು ಅದಕ್ಕಾಗಿ ಮಾಡಿಟ್ಟ ಸಿದ್ಧತೆಗಳು. ಅವಕ್ಕೆ ಅರ್ಧ ದಿನ ಸಾಕು.

ಮ್ಯಾನ್‌ಹಟನ್‌ನಿಂದ ಬೇ ರಿಡ್ಜ್ ಕಡೆಯ ಆರ್ ರೈಲು ಹತ್ತಿ. ಬೇಗ ಹೋಗುತ್ತದೆಂದು ಎನ್ ಹಿಡಿದವರು ಬ್ರೂಕ್ಲಿನ್‌ನ 59ನೇ ಬೀದಿ ನಿಲ್ದಾಣದಲ್ಲಿ ಇಳಿದು ಆರ್‌ಗೆ ಬದಲಾಯಿಸಲೇಬೇಕು. ಕೂತೇ ಇದ್ದರೆ ಅದು ಸೀ ಬೀಚ್ ಮಾರ್ಗಕ್ಕೆ ತಿರುಗಿಬಿಡುತ್ತದೆ. ಆರ್ ರೈಲಿನ ಮುಂಭಾಗವನ್ನು ಚಾಲಕನ ಕೋಣೆ ಪೂರ್ತಿ ಆವರಿಸಿರುವುದರಿಂದ ಪಕ್ಕದ ಕಿಟಕಿಯೇ ಗತಿ. 59ನೇ ಬೀದಿ ನಿಲ್ದಾಣ ದಾಟಿದ ಕೂಡಲೇ ಎರಡೂ ಅಂಗೈಗಳಿಂದ ಕಣ್ಣಿನ ಪಕ್ಕ ಮರೆ ಮಾಡಿ ಗಾಜಿಗೆ ಹಣೆ ಹಚ್ಚಿ. ಇಲ್ಲದಿದ್ದರೆ ಒಳಗಿನ ದೀಪದ ಪ್ರತಿಬಿಂಬವೇ ಕಾಣುತ್ತದೆ. ಮೈಗೆ ಒತ್ತಿಕೊಂಡಂತಿದ್ದ ಗೋಡೆ ಒಮ್ಮೆಲೇ ದೂರ ಸರಿದು, ಕತ್ತಲು ಆಳವಾಗಿ, ಮತ್ತೆ ಹತ್ತಿರ ಬರುತ್ತದೆ. ಮುಂದೆ ಸ್ಟೇಟನ್ ಐಲೆಂಡ್ ಕಡೆಗೆ ಕವಲು ಹಾಕಲೆಂದು ಅಗಲ ಮಾಡಿ ಬಿಟ್ಟ ಜಾಗ ಅದು. ಕೆಲವೇ ಕ್ಷಣದ ನೋಟ. ತಪ್ಪಿದರೆ ಹಿಂದಿರುಗಿ ಇನ್ನೊಂದು ಸುತ್ತು ಬರಬೇಕು.

ಮುಂದಿನ ನಿಲ್ದಾಣ ಬೇ ರಿಡ್ಜ್ ಅವೆನ್ಯೂ. ಅಲ್ಲಿಳಿದು ಪಶ್ಚಿಮಕ್ಕೆ ಕಾಲು ಗಂಟೆ ನಡೆದರೆ ಔಲ್ಸ್ ಹೆಡ್ ಪಾರ್ಕ್. ಬ್ರೂಕ್ಲಿನ್ ಕಡೆಯ ತೋಡು ಇದರಡಿಯಲ್ಲಿದೆ, ಮೇಲೆ ಹುಲ್ಲು ಬಿಟ್ಟು ಏನೂ ಇಲ್ಲ. ಸಮಯ ಕಡಿಮೆಯಿದ್ದರೆ ಇದನ್ನು ಬಿಡಿ.

ಆರ್ ಮಾರ್ಗದಲ್ಲೇ ಮುಂದಿರುವ 86ನೇ ಬೀದಿಯಿಂದ ಎಸ್53 ಬಸ್ಸು ವೆರಝಾನೋ ಸೇತುವೆ ದಾಟಿಸುತ್ತದೆ. 1964ರಲ್ಲಿ ತೆರೆದ ಈ ಸೇತುವೆಗೂ ಹಳಿ ಹಾಕಲಿಲ್ಲ. ಸ್ಟೇಟನ್ ಐಲೆಂಡಿನ ಗ್ರಾಸ್‌ಮಿಯರ್‌ನಲ್ಲಿ ಇಳಿದು ಸೇಂಟ್ ಜಾರ್ಜ್ ಕಡೆಯ ರೈಲು ಹಿಡಿಯಿರಿ. ಹತ್ತುವಾಗ ಟಿಕೆಟ್ ಗೇಟು ಕಾಣಲಿಲ್ಲವೆಂದು ಗಾಬರಿಯಾಗಬೇಡಿ, ದುಡ್ಡು ತೆಗೆದುಕೊಳ್ಳುವುದು ಸೇಂಟ್ ಜಾರ್ಜ್‌ನಲ್ಲಿ ಹೊರಬರುವಾಗ.

ಇಲ್ಲಿ ಹಳಿಯ ಪಕ್ಕ ಕಣ್ಣಾಡಿಸಿ. ವಿದ್ಯುತ್ ಹರಿಯುವ ಮೂರನೇ ಹಳಿಯ ಹಿಂದೆ ಸುರಂಗದ ಆಸೆಯೂ ಇತ್ತು. ಉಗಿಬಂಡಿ ಓಡಿಸುತ್ತಿದ್ದ ಬಾಲ್ಟಿಮೋರ್ ಅಂಡ್ ಓಹಾಯೋ ಕಂಪನಿ 1925ರಲ್ಲಿ ಮಾರ್ಗಕ್ಕೆ ವಿದ್ಯುತ್ ತಂದು, ಬ್ರೂಕ್ಲಿನ್ ಸಬ್‌ವೇ ಬೋಗಿಗಳ ಅಳತೆಯನ್ನೇ ಹೋಲುವ 67 ಅಡಿಯ ಬೋಗಿಗಳನ್ನು ಕೊಂಡಿತು. ಸುರಂಗ ಬಂದರೆ ನೇರ ಓಡಲಿ ಎಂದು. ಬೋಗಿ ಬಂತು, ಸುರಂಗ ಬರಲಿಲ್ಲ. ಈಗ ಓಡುವುದೂ ಸಬ್‌ವೇ ಮಾದರಿಯ ಬೋಗಿಗಳೇ. ಆದರೂ ಮಾರ್ಗ ಒಂಟಿ. ಇಲ್ಲಿ ಹಿಂದೆ ಓಡುತ್ತಿದ್ದ ಆರ್44 ಮಾದರಿಯ ಬೋಗಿಗಳ ದೊಡ್ಡ ದುರಸ್ತಿಗೆ ಅವನ್ನು ಲಾರಿಯ ಮೇಲೆ ಹೇರಿ, ನೀವು ದಾಟಿ ಬಂದ ಅದೇ ಸೇತುವೆಯ ಮೇಲೆ ಕೋನಿ ಐಲೆಂಡಿಗೆ ಸಾಗಿಸಬೇಕಾಗುತ್ತಿತ್ತು.

ಮ್ಯಾನ್‌ಹಟನ್‌ಗೆ ಹಿಂದಿರುಗಲು ಸೇಂಟ್ ಜಾರ್ಜ್‌ನಲ್ಲಿ ದೋಣಿ ಹತ್ತಿ. ಟಿಕೆಟ್ ಬೇಡ, 25 ನಿಮಿಷದ ದಾರಿ. ಎಲ್ಲರೂ ಸ್ವಾತಂತ್ರ್ಯ ದೇವಿಯ ಮೂರ್ತಿಗಾಗಿ ಎಡಗಡೆ ಸೇರುತ್ತಾರೆ. ನೀವು ಮೊದಲ ಐದು ನಿಮಿಷ ಬಲಗಡೆ ನಿಲ್ಲಿ. ನೀರಿನಾಚೆ ಕಾಣುವ ಬೇ ರಿಡ್ಜ್ ದಡಕ್ಕೂ ಹಿಂದೆ ಬಿಟ್ಟ ಸೇಂಟ್ ಜಾರ್ಜ್‌ಗೂ ಕಣ್ಣಲ್ಲೇ ಒಂದು ಗೆರೆ ಎಳೆದರೆ, ಸುರಂಗದ ದಾರಿ ಅದೇ.