ಹೆಲ್ಸಿಂಕಿಯ ಸಿಲಕ್ಕ ಸಂತೆಗೆ ಹೋಗುವವರಿಗೆ

ಅಕ್ಟೋಬರ್ ಆರಂಭದಲ್ಲಿ ಫಿನ್‌ಲೆಂಡ್‌ನ ರಾಜಧಾನಿ ಹೆಲ್ಸಿಂಕಿಯಲ್ಲಿದ್ದರೆ ಒಂದು ದಿನವನ್ನು ಕೌಪ್ಪತೊರಿಗೆ, ಅಂದರೆ ಬಂದರಿಗೆ ಅಂಟಿಕೊಂಡಿರುವ ಮಾರುಕಟ್ಟೆ ಚೌಕಕ್ಕೆ, ಎತ್ತಿಡಿ. 1743ರಷ್ಟು ಹಿಂದೆ ಶುರುವಾದ ಮೀನಿನ ಸಂತೆ ಸುಮಾರು ಒಂದು ವಾರ ಅಲ್ಲಿ ನಡೆಯುತ್ತದೆ. ಸಿಲಕ್ಕ ಎಂದರೆ ಬಾಲ್ಟಿಕ್ ಸಮುದ್ರದ ಹೆರಿಂಗ್. ಅಟ್ಲಾಂಟಿಕ್ ಹೆರಿಂಗ್‌ಗಿಂತ ಚಿಕ್ಕದು, ಕೊಬ್ಬೂ ಕಡಿಮೆ. ನಮ್ಮ ಬೂತಾಯಿಯ ದಾಯಾದಿ ಎನ್ನಬಹುದು. ದ್ವೀಪಗಳಿಂದ ಬರುವ ಮೀನುಗಾರರಲ್ಲಿ ಹಲವರ ಮನೆಮಾತು ಸ್ವೀಡಿಷ್. ಅವರ ಫಲಕದಲ್ಲಿ ‘ಸ್ಟ್ರೊಮಿಂಗ್’ ಎಂದಿದ್ದರೆ ಅದೂ ಇದೇ ಮೀನು.

ರೈಲು ನಿಲ್ದಾಣದಿಂದ ಎಸ್ಪ್ಲನಾಡಿ ಉದ್ಯಾನದ ಉದ್ದಕ್ಕೂ ನಡೆದರೆ ಕಾಲು ಗಂಟೆಯೊಳಗೆ ಸಮುದ್ರ ಕಾಣುತ್ತದೆ. ಆಗ ಹಗಲಿನಲ್ಲೂ 10 ಡಿಗ್ರಿಯ ಆಸುಪಾಸಿನ ಚಳಿ, ಅದಕ್ಕಿಂತ ಕಾಡುವುದು ಗಾಳಿ. ಸ್ವೆಟರ್ ಮೇಲೆ ಗಾಳಿ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ ಇರಲಿ. ವಾರದ ದಿನ ಬೆಳಗ್ಗೆಯೇ ಹೋಗಿ. ವಾರಾಂತ್ಯದ ಮಧ್ಯಾಹ್ನ ಮೀನು ಮಾರುವ ದೋಣಿಯ ಮುಂದೆ ನಿಂತು ಮಾತಾಡಿಸುವಷ್ಟು ಜಾಗವೂ ಸಿಗುವುದಿಲ್ಲ, ಹೆಸರಾದ ದೋಣಿಗಳ ಸರಕು ಬೇಗ ಖಾಲಿಯಾಗುತ್ತದೆ. ಕಾರ್ಡ್ ಬಹುತೇಕ ಎಲ್ಲೆಡೆ ನಡೆಯುತ್ತದೆ. ಆದರೂ ಸ್ವಲ್ಪ ಯೂರೋ ಚಿಲ್ಲರೆ ಜೇಬಿನಲ್ಲಿರಲಿ.

ಮೊದಲ ಸುತ್ತಿನಲ್ಲಿ ಏನೂ ಕೊಳ್ಳಬೇಡಿ. ದೋಣಿಗಳು ಕಟ್ಟೆಗೆ ತಾಗಿ ಸಾಲಾಗಿ ನಿಂತಿರುತ್ತವೆ, ವ್ಯಾಪಾರವೂ ಅಲ್ಲಿಂದಲೇ. ರುಚಿ ನೋಡಲು ಚೂರು ಕೊಡುತ್ತಾರೆ, ಕೇಳಲು ಸಂಕೋಚ ಬೇಡ. ಆದರೆ ಕ್ರಮ ತಪ್ಪಬಾರದು. ಮೊದಲು ವಿನಿಗರ್ ಮತ್ತು ಈರುಳ್ಳಿಯ ತಿಳಿರಸದಲ್ಲಿ ನೆನೆದದ್ದು, ಆಮೇಲೆ ಸಬ್ಬಸಿಗೆ ಸೊಪ್ಪಿನದು (‘ತಿಲ್ಲಿ’), ನಂತರ ಸಾಸಿವೆಯದು (‘ಸಿನಪ್ಪಿ’), ಕೊನೆಗೆ ಬೆಳ್ಳುಳ್ಳಿಯದು (‘ವಲ್ಕೊಸಿಪುಲಿ’). ಬೆಳ್ಳುಳ್ಳಿಯಿಂದ ಶುರು ಮಾಡಿದರೆ ಮುಂದಿನ ನಾಲ್ಕು ದೋಣಿಗಳ ಮೀನೂ ಬೆಳ್ಳುಳ್ಳಿಯಾಗಿಯೇ ಇರುತ್ತದೆ. ನಮ್ಮ ಮಟ್ಟಿಗೆ ದೋಣಿಯವರ ಕೈಗುಣ ತಿಳಿಯುವುದು ತಿಳಿರಸದಲ್ಲೇ. ಕೆನೆ, ಸಾಸಿವೆಗಳ ಕೆಳಗೆ ಮೆತ್ತಗಾದ ಮೀನನ್ನೂ ಅಡಗಿಸಬಹುದು, ಇಲ್ಲಿ ಆಗುವುದಿಲ್ಲ. ಚೂರು ಹಲ್ಲಿಗೆ ಸ್ವಲ್ಪ ಗಟ್ಟಿಯಾಗಿ ಸಿಗಬೇಕು. ಹಿಟ್ಟಿನಂತೆ ಕರಗಿದರೆ ಮುಂದಿನ ದೋಣಿಗೆ ನಡೆಯಿರಿ.

ಹೊಸಬರು ಎಡವುವುದು ಉಪ್ಪುಮೀನಿನಲ್ಲಿ. ‘ಸುವೊಲಸಿಲಕ್ಕ’ ಎಂದು ಬರೆದದ್ದು ಕೆಡದಂತೆ ಉಪ್ಪಿನಲ್ಲಿ ಹಾಕಿಟ್ಟ ಮೀನು, ನೇರವಾಗಿ ಬಾಯಿಗೆ ಹಾಕುವಂಥದ್ದಲ್ಲ. ಫ್ರಿಜ್‌ನಲ್ಲಿ ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ, ನಡುವೆ ಎರಡು ಸಲ ನೀರು ಬದಲಿಸಬೇಕು.

ಜೊತೆಗೆ ದ್ವೀಪದವರ ಕಪ್ಪು ಬ್ರೆಡ್ ಕೊಳ್ಳಿ. ರೈ (ಗೋಧಿಯಂಥ ಒಂದು ಧಾನ್ಯ) ಹಿಟ್ಟು, ಮಾಲ್ಟ್ (ಮೊಳಕೆ ಕಟ್ಟಿಸಿ ಒಣಗಿಸಿದ ಧಾನ್ಯ), ಸಿರಪ್, ಮಜ್ಜಿಗೆ ಸೇರಿದ ಸಿಹಿ ಬ್ರೆಡ್ ಇದು. ಬೇಯಿಸಿದ ಮರುದಿನ ತೆಳ್ಳಗೆ ಕತ್ತರಿಸಲು ಬರುತ್ತದೆ, ಬಿಸಿಯಿದ್ದಾಗ ಉದುರುತ್ತದೆ. ಬೆಣ್ಣೆ ಸವರಿ ಮೇಲೆ ಮೀನಿನ ತುಂಡಿಟ್ಟರೆ ಹುಳಿ, ಉಪ್ಪು, ಸಿಹಿ ಮೂರೂ ಒಂದೇ ತುತ್ತಿಗೆ. ತಿನ್ನುವಾಗ ಸೂರಿನ ಕೆಳಗೆ ಅಥವಾ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಇಲ್ಲಿನ ಕಡಲಕ್ಕಿಗಳು ಹಿಂದಿನಿಂದ ಬಂದು ಕೈಯಲ್ಲಿದ್ದುದನ್ನು ಎಗರಿಸುತ್ತವೆ, ತಟ್ಟೆ ಎತ್ತಿ ಫೋಟೊ ತೆಗೆಯುವವರಂತೂ ಅವುಗಳ ಪಾಲಿಗೆ ಹಬ್ಬ. ಕೈ ಮರಗಟ್ಟಿದರೆ ಪಕ್ಕದಲ್ಲೇ 1889ರ ಹಳೆಯ ಮಾರುಕಟ್ಟೆ ಕಟ್ಟಡವಿದೆ, ಒಳಗೆ ಬಿಸಿ ಸೂಪ್ ಸಿಗುತ್ತದೆ.

ಅಡುಗೆಮನೆ ಇರುವ ಮನೆಯಲ್ಲಿ ಉಳಿದಿದ್ದರೆ ಹೊರಡುವ ಮುನ್ನ ಹಸಿ ಮೀನು ಕೊಳ್ಳಿ. ಕಣ್ಣು ತಿಳಿಯಾಗಿ, ಕಿವಿರು ಕೆಂಪಾಗಿ, ಮೈ ಬೆಳ್ಳಿಯಂತೆ ಹೊಳೆಯುತ್ತಿರಬೇಕು. ಹೊಟ್ಟೆ ಒಡೆದದ್ದು ಬೇಡ. ಶುಚಿ ಮಾಡಲು ಚಾಕು ಬೇಕಿಲ್ಲ. ಕಿವಿರಿನ ಹಿಂದೆ ಹಿಡಿದು ತಲೆಯನ್ನು ಮುರಿದು ಕೆಳಕ್ಕೆಳೆದರೆ ಕರುಳೂ ಜೊತೆಗೇ ಬರುತ್ತದೆ. ಹೆಬ್ಬೆರಳನ್ನು ಹೊಟ್ಟೆಯೊಳಗೆ ತೂರಿಸಿ ಬಾಲದವರೆಗೆ ಸೀಳಿ, ಬೆನ್ನುಮುಳ್ಳಿನ ಎರಡೂ ಬದಿಗೆ ಬೆರಳಾಡಿಸಿ ಸಡಿಲಿಸಿ, ತಲೆಯ ಕಡೆಯಿಂದ ಮೆಲ್ಲಗೆ ಎತ್ತಿ ಬಾಲದ ಬಳಿ ಚಿವುಟಿ. ರೆಕ್ಕೆ ಬಿಚ್ಚಿದ ಚಿಟ್ಟೆಯಂತೆ ಮೀನು ತೆರೆದುಕೊಳ್ಳುತ್ತದೆ. ಉಳಿದ ಕೂದಲೆಳೆಯಂಥ ಮುಳ್ಳುಗಳನ್ನು ಆರಿಸುತ್ತ ಕೂರಬೇಡಿ, ಹುರಿದಾಗ ಗೊತ್ತೇ ಆಗುವುದಿಲ್ಲ.

ಅರ್ಧ ಕಿಲೋ ಶುಚಿ ಮಾಡಿದ ಮೀನಿಗೆ ಒಂದು ಟೀ ಚಮಚ ಉಪ್ಪು, ಹಿಡಿ ಸಬ್ಬಸಿಗೆ ಸೊಪ್ಪು, 100 ಮಿ.ಲೀ. ಅಳತೆಯ ರೈ ಹಿಟ್ಟು ಸಾಕು. ಮೀನನ್ನು ಕಾಗದದಿಂದ ಒತ್ತಿ ಒರೆಸಿ. ನೀರು ಉಳಿದರೆ ಹಿಟ್ಟು ಅಂಟಾಗಿ ಬಾಣಲೆಗೆ ಹಿಡಿಯುತ್ತದೆ. ಒಂದರ ಮಾಂಸದ ಬದಿಗೆ ಉಪ್ಪು, ಸೊಪ್ಪು ಉದುರಿಸಿ, ಇನ್ನೊಂದನ್ನು ಚರ್ಮ ಹೊರಗೆ ಬರುವಂತೆ ಮೇಲಿಟ್ಟು ಒತ್ತಿ, ಹಿಟ್ಟಿನಲ್ಲಿ ಹೊರಳಿಸಿ. ಬೆಣ್ಣೆಯ ನೊರೆ ಇಳಿದ ಮೇಲೆ ಬಾಣಲೆಗೆ ಹಾಕಿ ಪ್ರತಿ ಬದಿ ಎರಡು ಮೂರು ನಿಮಿಷ ಹುರಿಯಿರಿ. ಒಂದೇ ಸಲ ಎಲ್ಲವನ್ನೂ ತುಂಬಿದರೆ ಬಾಣಲೆ ತಣ್ಣಗಾಗಿ ಮೀನು ಗರಿಯಾಗುವ ಬದಲು ಬೇಯುತ್ತದೆ, ತಿರುವುವಾಗ ಜೋಡಿಯೂ ಬಿಚ್ಚಿಕೊಳ್ಳುತ್ತದೆ. ಪಕ್ಕಕ್ಕೆ ಬೆಣ್ಣೆ ಹಾಕಿ ಹಿಸುಕಿದ ಆಲೂಗಡ್ಡೆ. ಹುರಿದ ವಾಸನೆ ಮರುದಿನವೂ ಮನೆಯಲ್ಲಿ ಸುಳಿದಾಡುತ್ತದೆ, ಜಾಕೆಟ್ಟನ್ನು ಮೊದಲೇ ಬೇರೆ ಕೋಣೆಗೆ ಹಾಕಿ ಬಾಗಿಲು ಮುಚ್ಚಿಡಿ.