ಡೀಲರ್ ಕೈ ಎತ್ತಿದ, ಫೈನಾನ್ಸ್ ಕಂಪನಿಯಿಂದ ದುಡ್ಡು ವಾಪಸ್ ಬಂತು: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಎಚ್‌ಪಿ (ಹೈರ್ ಪರ್ಚೇಸ್, ಅಂದರೆ ಕಂತಿನ ಖರೀದಿ) ಮೇಲೆ ಹಳೇ ಕಾರು ತಗೊಂಡು ಡೀಲರ್ ಹಿಂದೆ ಅಲೆಯುತ್ತಿರುವ ಕನ್ನಡದ ಗೆಳೆಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲೆದಾಟ ನಿಲ್ಲಿಸಿ. ಎಚ್‌ಪಿಯಲ್ಲಿ ಡೀಲರ್ ಕಾರನ್ನು ಮಾರುವುದು ಫೈನಾನ್ಸ್ ಕಂಪನಿಗೆ. ನಮಗೆ ಕೊಡುವುದು ಆ ಕಂಪನಿ. ಕೊನೇ ಕಂತು ತೀರುವ ತನಕ ಮಾಲೀಕರೂ ಅವರೇ. ಕಾರಿನ ನೋಂದಣಿ ಪತ್ರ ವಿ5ಸಿಯಲ್ಲಿ ಹೆಸರಿದ್ದ ಮಾತ್ರಕ್ಕೆ ನಾವು ಮಾಲೀಕರಾಗುವುದಿಲ್ಲ. ಹಾಗಿದ್ದ ಮೇಲೆ ಕಾರು ಕೆಟ್ಟದ್ದಿದ್ದರೆ ಜವಾಬು ಕೊಡಬೇಕಾದವರೂ ಅವರೇ ಅಲ್ವಾ?

ನಾನು ಇದನ್ನು ಹೇಳಿದಾಗ ಒಬ್ಬರೂ ನಂಬಲಿಲ್ಲ. "ಅವರು ಇರೋದು ಕಂತು ವಸೂಲಿಗೆ ಮಾರಾಯ, ನಿನ್ನ ಗೇರ್‌ಬಾಕ್ಸ್ ನೋಡೋಕಲ್ಲ. ಸುಮ್ನೆ ಬಂದಷ್ಟಕ್ಕೆ ಮಾರಿ ಕೈ ತೊಳ್ಕೋ" ಅಂದರು. ಎಚ್‌ಪಿ ಬಾಕಿ ಇರುವಾಗ ಮಾರೋಕೂ ಆಗಲ್ಲ, ಅದು ಬೇರೆ ಮಾತು.

ಕಾರು ಐದು ವರ್ಷ ಹಳೇ ಏಳು ಸೀಟಿನ ಡೀಸೆಲ್, ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್. ಬೆಲೆ ಸುಮಾರು 11,500 ಪೌಂಡ್. ಡೆಪಾಸಿಟ್ 1,500, ಕಂತು ತಿಂಗಳಿಗೆ 260ರ ಆಸುಪಾಸು. ತಿಂಗಳು ಒಂದೂವರೆ ಕಳೆಯುವಷ್ಟರಲ್ಲಿ ಎರಡನೇ ಗೇರಿನಿಂದ ಮೂರಕ್ಕೆ ಹೋಗುವಾಗ ನಡುಕ ಶುರುವಾಯಿತು. ಸೀದಾ ಕಾರು ವಾಪಸ್ ಕೊಡಲು ಕಾನೂನು ಕೊಡುವ 30 ದಿನ ಆಗಲೇ ಮುಗಿದಿತ್ತು, ಡೀಲರ್‌ಗೂ ಅದು ಚೆನ್ನಾಗಿ ಗೊತ್ತಿತ್ತು. ಗೇರ್‌ಬಾಕ್ಸ್ ಆಯಿಲ್ ಬದಲಿಸಿ, ಕಂಪ್ಯೂಟರ್ ರೀಸೆಟ್ ಮಾಡಿ ಕಳಿಸಿದ. ಎರಡು ವಾರ ಕಾರು ಬೆಣ್ಣೆ ಥರ ಓಡಿತು. ಆಮೇಲೆ ಮತ್ತೆ ಅದೇ ನಡುಕ, ಜೊತೆಗೆ ಏರಿನಲ್ಲಿ ಜಾರುವುದು. ಡೀಲರ್ ಫೋನ್ ಎತ್ತುವುದನ್ನೇ ಬಿಟ್ಟ. ವಾರಂಟಿ ಕಂಪನಿ "ಕ್ಲಚ್ ಸವೆಯೋದು ಸಹಜ" ಅಂತ ಬಾಗಿಲು ಹಾಕಿತು. ಒಪ್ಪಿದ್ದರೂ ಅವರ ಮಿತಿ 500 ಪೌಂಡ್. ಗ್ಯಾರೇಜಿನ ಎಸ್ಟಿಮೇಟ್ 2,800.

ಕನ್ಸ್ಯೂಮರ್ ರೈಟ್ಸ್ ಆಕ್ಟ್ 2015 ಅಂದರೆ ಇಲ್ಲಿನ ಗ್ರಾಹಕರ ಹಕ್ಕುಗಳ ಕಾನೂನು. ನನ್ನ ಕೇಸಿಗೆ ಬೇಕಾದದ್ದು ಅದರಲ್ಲಿ ಎರಡೇ ಮಾತು. ಆರು ತಿಂಗಳೊಳಗೆ ದೋಷ ಕಂಡರೆ, ಅದು ಕೊಡುವಾಗಲೇ ಇರಲಿಲ್ಲ ಅಂತ ಸಾಬೀತು ಮಾಡಬೇಕಾದವರು ಫೈನಾನ್ಸ್ ಕಂಪನಿಯವರು. ಒಂದು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ಕಾರು ವಾಪಸ್ ಕೊಡುವ ಹಕ್ಕು ನಮಗಿದೆ.

ಫೈನಾನ್ಸ್ ಕಂಪನಿಗೆ ಫೋನ್ ಮಾಡಿದರೆ "ಡೀಲರ್ ಹತ್ತಿರ ಮಾತಾಡಿ" ಅಂದರು. ಎಲ್ಲರಿಗೂ ಇದೇ ಉತ್ತರ, ಮುಕ್ಕಾಲು ಪಾಲು ಜನ ಇಲ್ಲೇ ಸೋತು ಕೂರುತ್ತಾರೆ. ನಾನು ಇಮೇಲ್ ಹಾಕಿ, "ಇದು ಅಧಿಕೃತ ಕಂಪ್ಲೇಂಟ್, ಕಾರು ರಿಜೆಕ್ಟ್ ಮಾಡುತ್ತಿದ್ದೇನೆ" ಅಂತ ಬರೆದೆ. ಅವರು ಅಂತಿಮ ಉತ್ತರ ಕೊಡಬೇಕಾದ ಎಂಟು ವಾರದ ಗಡುವು ಅಲ್ಲಿಂದ ಓಡತೊಡಗಿತು. ಆ ಇಮೇಲಿನ ಕೊನೆಯ ಪ್ಯಾರಾ ಹೇಗೆ ಬರೆದೆ ಅನ್ನುವುದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ಅದು ಚೆನ್ನಾಗಿ ಕೆಲಸ ಮಾಡಿತು ಅಂತ ಮಾತ್ರ ಹೇಳಬಲ್ಲೆ.

ಅವರು ತಮ್ಮ ಇನ್ಸ್‌ಪೆಕ್ಟರ್ ಕಳಿಸಿದರು. ಮನೆ ಮುಂದೆ ತಣ್ಣಗೆ ನಿಂತಿದ್ದ ಕಾರನ್ನು ಒಂದು ಹತ್ತು ನಿಮಿಷ ಓಡಿಸಿ "ದೋಷ ಕಾಣಲಿಲ್ಲ" ಅಂತ ಬರೆದು ಹೋದ. ನಡುಕ ಬರುವುದು ಗೇರ್‌ಬಾಕ್ಸ್ ಕಾದ ಮೇಲೆ! ಗ್ಯಾರೇಜಿನ ಎಸ್ಟಿಮೇಟನ್ನೂ ಅವರು ಲೆಕ್ಕಕ್ಕೆ ತಗೊಳ್ಳಲಿಲ್ಲ. ಏನು ಕೆಟ್ಟಿದೆ ಅಂತ ಅದರಲ್ಲಿತ್ತು, ಯಾವಾಗಿನಿಂದ ಅನ್ನುವುದು ಇರಲಿಲ್ಲ. ಆಮೇಲೆ 200 ಪೌಂಡ್ ಚಿಲ್ಲರೆ ಕೊಟ್ಟು ಸ್ವತಂತ್ರ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಅವರು ಬರುವ ಮುಂಚೆ ಕಾರನ್ನು ಟ್ರಾಫಿಕ್ಕಿನಲ್ಲಿ ಚೆನ್ನಾಗಿ ಓಡಿಸಿ ಕಾಯಿಸಿಟ್ಟಿದ್ದೆ. ರಿಪೋರ್ಟಿನಲ್ಲಿ ಮೂರು ಪ್ರಶ್ನೆಗೆ ನೇರ ಉತ್ತರ ಕೊಡಿ ಅಂತ ಮೊದಲೇ ಕೇಳಿಕೊಂಡೆ: ದೋಷ ಏನು, ಮಾರುವಾಗಲೇ ಇತ್ತೇ, ಹಿಂದಿನ ರಿಪೇರಿ ಫಲ ಕೊಟ್ಟಿದೆಯೇ. ನಾನು ಓಡಿಸಿದ್ದು ಎರಡು ಸಾವಿರ ಮೈಲಿ ಅಷ್ಟೇ, ಇಂಥ ಸವೆತ ಅಷ್ಟರಲ್ಲಿ ಬರುವುದಲ್ಲ ಅಂತ ಅವರು ಸ್ಪಷ್ಟವಾಗಿ ಬರೆದುಕೊಟ್ಟರು.

ನಡುವೆ, ಕಾರಿನ ಕಂಪ್ಯೂಟರಿನಿಂದ ಮಾಹಿತಿ ಓದುವ ಹದಿನೈದು ಪೌಂಡಿನ ಬ್ಲೂಟೂತ್ ಒಬಿಡಿ ರೀಡರ್ ಹಾಕಿ ಕ್ಲಚ್ ತಾಪಮಾನವನ್ನೂ ದಾಖಲಿಸಿ ನೋಡಿದೆ. ಕಂಪನಿ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನಿಯರ್‌ಗೆ ಮಾತ್ರ ಉಪಯೋಗಕ್ಕೆ ಬಂತು.

ಇನ್ನೊಂದು ಪ್ರಯೋಗ ಭರ್ಜರಿಯಾಗಿ ಫಲಿಸಿತು. ನನ್ನ ಬಗ್ಗೆ ನಿಮ್ಮ ಹತ್ತಿರ ಏನೇನು ಮಾಹಿತಿ ಇದೆಯೋ ಎಲ್ಲ ಕೊಡಿ ಅಂತ ಫೈನಾನ್ಸ್ ಕಂಪನಿಗೇ ಸಬ್ಜೆಕ್ಟ್ ಆಕ್ಸೆಸ್ ರಿಕ್ವೆಸ್ಟ್ ಹಾಕಿದೆ. ಖರ್ಚಿಲ್ಲ, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಕೊಡಲೇಬೇಕು. ಬಂದ ಕಾಗದಗಳಲ್ಲಿ ಡೀಲರ್ ಅವರಿಗೆ ಬರೆದ ಇಮೇಲ್ ಇತ್ತು: "ನಾವು ಕಾರು ನೋಡಿದ್ದೇವೆ, ಯಾವ ರಿಪೇರಿಯನ್ನೂ ಮಾಡಿಲ್ಲ." ಆಯಿಲ್ ಬದಲಿಸಿದ ದಿನದ ಜಾಬ್ ಶೀಟ್, ಮೈಲಿ ಸಮೇತ, ನನ್ನ ಫೈಲಿನಲ್ಲಿತ್ತು. ಕೇಸು ತಿರುಗಿದ್ದು ಇಲ್ಲೇ ಅಂತ ನನ್ನ ನಂಬಿಕೆ.

ಇಷ್ಟಾದರೂ ಗಡುವು ಮುಗಿಯುವ ಹೊತ್ತಿಗೆ ಕಂಪನಿ "ಕಂಪ್ಲೇಂಟ್ ಒಪ್ಪುವುದಿಲ್ಲ" ಅಂತ ಅಂತಿಮ ಉತ್ತರ ಕಳಿಸಿತು. ಆ ಕಾಗದ ಬಂದ ಮೇಲೆ, ಇಂಥ ಹಣಕಾಸು ಜಗಳಗಳನ್ನು ತೀರಿಸುವ ಫೈನಾನ್ಷಿಯಲ್ ಓಂಬುಡ್ಸ್‌ಮನ್ ಬಳಿ ಹೋಗಲು ಆರು ತಿಂಗಳು ಸಮಯ ಇರುತ್ತದೆ. ಶುಲ್ಕವಿಲ್ಲ, ವಕೀಲರೂ ಬೇಡ. ಹೋಗುವ ಮುಂಚೆ ಅವರ ಹಳೇ ತೀರ್ಪುಗಳನ್ನು ಓದಿ, ಅವು ಪ್ರಕಟವಾಗಿವೆ. ಗೇರ್‌ಬಾಕ್ಸ್ ಜಗಳಗಳನ್ನೇ ಹುಡುಕಿ ರಾತ್ರಿಯೆಲ್ಲ ಓದಿ, ಅವರು ಯಾವ ಕಾಗದಕ್ಕೆ ಬೆಲೆ ಕೊಡುತ್ತಾರೆ ಅಂತ ತಿಳಿದುಕೊಂಡೆ.

ನಾಲ್ಕೈದು ತಿಂಗಳು ಕಾಯಬೇಕಾಯಿತು. ಆ ಹೊತ್ತಿನಲ್ಲಿ "ಕಂತು ನಿಲ್ಲಿಸು, ಆಗ ಬುದ್ಧಿ ಬರುತ್ತೆ" ಅಂತ ಹೇಳಿದವರೇ ಜಾಸ್ತಿ. ದಯವಿಟ್ಟು ಆ ಕೆಲಸ ಮಾಡಬೇಡಿ. ಕ್ರೆಡಿಟ್ ಫೈಲ್ ಕೆಟ್ಟರೆ ನಾಳೆ ಮಾರ್ಟ್‌ಗೇಜ್‌ಗೆ ಕುತ್ತು. ಕಾರು ಮನೆ ಮುಂದೆ ನಿಂತಿದ್ದರೂ ನಾನು ಒಂದು ಕಂತನ್ನೂ ತಪ್ಪಿಸಲಿಲ್ಲ.

ಓಂಬುಡ್ಸ್‌ಮನ್ ಕಚೇರಿಯಲ್ಲಿ ಮೊದಲು ಕೇಸು ನೋಡುವ ಇನ್ವೆಸ್ಟಿಗೇಟರ್ ಅಭಿಪ್ರಾಯ ನನ್ನ ಪರವಾಗಿ ಬಂತು. ಕಂಪನಿ ಒಪ್ಪಿಕೊಂಡಿತು, ಓಂಬುಡ್ಸ್‌ಮನ್ ತೀರ್ಪಿನ ತನಕ ಹೋಗಲೇ ಇಲ್ಲ. ಡೆಪಾಸಿಟ್ ವಾಪಸ್, ಕಾರು ನಿಂತಿದ್ದ ತಿಂಗಳುಗಳ ಕಂತು ವಾಪಸ್, ಎಂಜಿನಿಯರ್ ಫೀಸ್, ಇವುಗಳ ಮೇಲೆ ಶೇಕಡಾ 8ರ ಸರಳ ಬಡ್ಡಿ, ತೊಂದರೆಗೆ ಅಂತ 200 ಪೌಂಡ್. ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ. ನಾನು ಓಡಿಸಿದ ತಿಂಗಳುಗಳ ಕಂತು ಅವರೇ ಇಟ್ಟುಕೊಂಡರು, ಅದು ನ್ಯಾಯವೇ. ಮುಖ್ಯವಾಗಿ ಅಗ್ರಿಮೆಂಟ್ ಅಲ್ಲಿಗೇ ಮುಗಿಯಿತು. ಕಾರನ್ನು ಅವರ ಖರ್ಚಿನಲ್ಲೇ ಒಯ್ದರು.

ಬ್ಯಾಂಕಿನಿಂದ ಪರ್ಸನಲ್ ಲೋನ್ ತಂದು ಕಾರು ಕೊಂಡವರಿಗೆ ಈ ದಾರಿ ಇಲ್ಲ. ಆ ಕಾರಿಗೂ ಬ್ಯಾಂಕಿಗೂ ಸಂಬಂಧವಿರುವುದಿಲ್ಲ. ರೆಡ್ಡಿಂಗಿನ ಗೆಳೆಯನೊಬ್ಬನದು ಇದೇ ಸ್ಥಿತಿ. ಆದರೆ ಬುಕಿಂಗ್ ದುಡ್ಡು 200 ಪೌಂಡನ್ನು ಅವನು ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟಿದ್ದ. ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್ 1974ರ ಸೆಕ್ಷನ್ 75 ಪ್ರಕಾರ, ಬೆಲೆ 100 ಪೌಂಡಿಗಿಂತ ಜಾಸ್ತಿ ಇದ್ದು 30,000 ಮೀರದಿದ್ದರೆ, ಕಾರ್ಡಿನಲ್ಲಿ ಕಟ್ಟಿದ್ದು ಸ್ವಲ್ಪವೇ ಆದರೂ ಇಡೀ ಕಾರಿಗೆ ಕಾರ್ಡ್ ಕಂಪನಿ ಜವಾಬ್ದಾರಿ. ನನ್ನ ಫೈಲ್ ತೋರಿಸಿ ಅವನ ಕೈಯಲ್ಲೂ ಅದೇ ಥರ ಬರೆಸಿದೆ. ರಿಪೇರಿ ಖರ್ಚು ಪೂರ್ತಿ ಬಂತು. ಅದೇ 200 ಪೌಂಡನ್ನು ಡೆಬಿಟ್ ಕಾರ್ಡಿನಲ್ಲಿ ಕಟ್ಟಿದ್ದರೆ ಸೆಕ್ಷನ್ 75 ಅವನಿಗೆ ಸಿಗುತ್ತಿರಲಿಲ್ಲ.